ಬಸವನ ಹೊಟ್ಟೆ ನೆಂದ ವರ್ಷ

ಕಾರೆಗೆರೆಯ ಕೆರೆತೂಬಿನ ಕಲ್ಲುಗಂಬದ ಮೇಲೆ ಒಬ್ಬ ಬಸವನಿದ್ದ. ಯಾವ ಕಾಲದ ಕಲ್ಲುಕುಟಿಗನೋ, ಮೊಳದೆತ್ತರದ ಬಸವನನ್ನು ಕೆತ್ತುವ ನೆಪದಲ್ಲಿ ಊರಿಗೊಂದು ಕಟ್ಟಳೆಯನ್ನೇ ಕೆತ್ತಿಟ್ಟು ಹೋಗಿದ್ದ. ಸ್ವಾತಿ ಮಳೆ ಕಳೆದ ಮೇಲೆ ಕೆರೆಯ ನೀರು ಬಸವನ ಹೊಟ್ಟೆ ಮುಟ್ಟಿದ್ದರೆ ಅವರವರ ಗದ್ದೆಗೆ ಅವರವರು ನಾಟಿ ಹಾಕಬಹುದು. ಮುಟ್ಟದಿದ್ದರೆ ದಾಮಾಷ. ಅಂದರೆ ತೂಬಿನ ಬುಡದ ಗದ್ದೆ ಯಾರದೇ ಆಗಿರಲಿ, ಆ ವರ್ಷದ ಮಟ್ಟಿಗೆ ಅದು ಇಡೀ ಊರಿನದು. ಹಗ್ಗ ಹಿಡಿದು ಅಳೆದು, ನೀರು ತಲುಪದ ಕೆಳಗದ್ದೆಯವರಿಗೂ ಅವರವರ ಹಿಡುವಳಿಗೆ ತಕ್ಕಂತೆ ಅಲ್ಲೊಂದು ಪಟ್ಟಿ ಕೊಡಬೇಕು. ಇದ್ದಷ್ಟು ನೀರಿನಲ್ಲಿ ಎಲ್ಲರ ಮನೆಗೂ ಒಂದಿಷ್ಟು ಭತ್ತ ಹೋಗುತ್ತಿತ್ತು. ಬಡತನ ಕಳೆಯುವುದು ಹೇಗೆಂದು ಬೆಂಗಳೂರಿನಲ್ಲಿ ಕೂತು ವರದಿ ಬರೆಯುತ್ತಿದ್ದವರಿಗೆ ಈ ಬಸವನ ಸಮಾಚಾರ ತಿಳಿದಿರಲಿಲ್ಲ.

ನೀರು ಎಲ್ಲಿಗೆ ಬಂದಿದೆ ಎಂದು ಏರಿಯ ಮೇಲೆ ನಿಂತು ಕೂಗಿ ಹೇಳುವ ಹಕ್ಕು ನೀರುಗಂಟಿ ಜುಂಜಪ್ಪನದು. ಅವನ ವಂಶಕ್ಕೆ ಅಂಗೈಯಗಲ ನೆಲವಿರಲಿಲ್ಲ, ಇರಲೂ ಕೂಡದು. ಗದ್ದೆ ಇದ್ದವನ ಕೈಗೆ ತೂಬು ಕೊಟ್ಟರೆ ನೀರು ಅವನ ಗದ್ದೆಯ ಕಡೆಗೇ ವಾಲುತ್ತದೆ ಎಂದು ಹಿರಿಯರು ಕಂಡುಕೊಂಡಿದ್ದರು. ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಬರುವ ಒಂದೊಂದು ಸಿವುಡು, ಅಂದರೆ ತೆನೆಯ ಕಟ್ಟು, ಅದೇ ಅವನ ಸಂಬಳ. ಉಳಿದ ದಿನ ಯಾರ ಜಗಲಿಯನ್ನೂ ಹತ್ತದ ಜುಂಜಪ್ಪ, ನೀರಿನ ಮಾತು ಬಂದಾಗ ಮಾತ್ರ ಪಟೇಲರಿಗಿಂತ ದೊಡ್ಡವನು. ಅದನ್ನು ನೆನೆದಾಗಲೆಲ್ಲ ಅವನ ಮೀಸೆ ತಾನಾಗಿ ಮೇಲೇಳುತ್ತಿತ್ತು.

ಆ ಸಲ ಸ್ವಾತಿ ಕಳೆದ ಮರುದಿನ ಅವನು ಏರಿಯಿಂದ ನೋಡಿ, ಬಸವನ ಹೊಟ್ಟೆ ನೆಂದಿದೆ ಎಂದು ಮೂರು ಸಲ ಕೂಗಿದ. ಊರಿಗೆ ಊರೇ ಹಿಗ್ಗಿತು. ಮಾರನೆಯ ಬೆಳಿಗ್ಗೆ ತೂಬಿಗೆ ಅಡರಿದ ಕಸ ತೆಗೆಯಲು ಅವನು ನೀರಿಗಿಳಿದು, ತೂಬಿನ ಹಾಸುಗಲ್ಲಿನ ಮೇಲೆ ಕಾಲೂರಿ ನಿಂತ. ಬಸವನ ಹೊಟ್ಟೆ ನೆಂದ ವರ್ಷ ಆ ಕಲ್ಲಿನ ಮೇಲೆ ನಿಂತರೆ ನೀರು ಕುತ್ತಿಗೆಗೆ ಬರಬೇಕು. ಅಂಥ ವರ್ಷಗಳಲ್ಲಿ ಅವನ ಬೋಳುತಲೆಯೊಂದೇ ನೀರಿನ ಮೇಲೆ ಕಾಣುತ್ತದೆಂದು ಊರಿನವರು ಅವನನ್ನು ಕುಂಬಳಕಾಯಿ ಎಂದೇ ರೇಗಿಸುತ್ತಿದ್ದರು. ಈಗ ನೀರು ಹೊಕ್ಕುಳಿನ ಹತ್ತಿರವಿತ್ತು. ತಲೆಯೆತ್ತಿ ನೋಡಿದರೆ ಬಸವನ ಹೊಟ್ಟೆ ನೆಂದೇ ಇತ್ತು.

ಅವನಿಗೆ ಹೋದ ಬೇಸಗೆ ನೆನಪಾಯಿತು. ವಾಲಿದ್ದ ಕಂಬವನ್ನು ಕಿತ್ತು ಮತ್ತೆ ನೆಡುವಾಗ, ಎಷ್ಟು ಆಳಕ್ಕೆ ಇಳಿಸಬೇಕೆಂದು ಕಲ್ಲುಕೆಲಸದವನು ಕೇಳಿದ್ದ. ಕಂಬದ ಬುಡದಲ್ಲಿ ಕೆತ್ತಿದ ಬಳೆ ನೆಲಕ್ಕೆ ಸಮವಾಗಿರಬೇಕು ಎಂದು ತೋರಿಸಿದವನು ಜುಂಜಪ್ಪನೇ. ಅಪ್ಪನ ಕಾಲದಿಂದ ಅವನು ಕಂಡದ್ದು ಹಾಗೆಯೇ. ಆದರೆ ಆ ವರ್ಷ ಊರಿನವರು ಹೊಲಕ್ಕೆ ಗೊಬ್ಬರವಾಗಿ ಹೊಡೆಯಲು ಕೆರೆಗೋಡನ್ನು, ಕೆರೆಯ ತಳದ ಹೂಳನ್ನು, ತೋಡಿ ತೋಡಿ, ಕಂಬದ ಸುತ್ತ ನೆಲವೇ ಒಂದು ಮೊಳ ತಗ್ಗಿತ್ತು. ತಗ್ಗಿದ ನೆಲಕ್ಕೆ ಬಳೆ ಸಮ ಮಾಡಿದ್ದರಿಂದ ಬಸವನೂ ಒಂದು ಮೊಳ ಇಳಿದುಬಿಟ್ಟಿದ್ದ. ಕಾರೆಗೆರೆಯ ಕೆರೆ ಊಟದ ತಟ್ಟೆಯಂತೆ ಅಗಲ, ಆಳ ಕಡಿಮೆ. ಅಲ್ಲಿ ಮೇಲಿನ ಒಂದು ಮೊಳ ನೀರೆಂದರೆ ಅರ್ಧ ಕೆರೆ.

ಅವನು ಒದ್ದೆ ಬಟ್ಟೆಯಲ್ಲೇ ಏರಿಯ ಮೇಲೆ ಕುಕ್ಕರಿಸಿದ. ಹೇಳದಿದ್ದರೆ ಯಾರಿಗೂ ತಿಳಿಯದು. ತೆನೆಗೆ ಹಾಲು ತುಂಬುವ ಹೊತ್ತಿಗೆ ಕೆಳಗದ್ದೆಗಳಿಗೆ ನೀರು ಬರದೆ ಹೋದರೆ ಜನ ಬಿಸಿಲಿಗೆ ಶಾಪ ಹಾಕಿಯಾರು, ಹಣೆಬರಹ ಎಂದಾರು. ಹೇಳಿದರೆ ಊರಿನ ಇನ್ನೊಂದು ಕಟ್ಟಳೆ ಕಾದು ಕೂತಿತ್ತು: ನೀರನ್ನು ತಪ್ಪು ಹೇಳಿದ ನೀರುಗಂಟಿ ಗುದ್ದಲಿ ಕೆಳಗಿಡಬೇಕು. ಗುದ್ದಲಿ ಹೋದರೆ ಸಿವುಡೂ ಹೋಯಿತು, ಮಾತೂ ಹೋಯಿತು. ಐವತ್ತು ದಾಟಿದ ಮೇಲೆ ಕಂಡವರ ಹೊಲದಲ್ಲಿ ಕೂಲಿ. ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ.

ಮೂರನೆಯ ದಿನ ಊರ ಸಭೆ. ಅದಕ್ಕೆ ಹೋಗುವ ದಾರಿಯಲ್ಲೇ ಪುಟ್ಟಕ್ಕನ ಮನೆ. ಗಂಡ ಸತ್ತ ಮೇಲೆ ಹತ್ತು ಗುಂಟೆ ಕೆಳಗದ್ದೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಅವಳ ಬಾಯಿ ಊರಿಗೆಲ್ಲ ಹೆಸರುವಾಸಿ. ಬಾಗಿಲಲ್ಲಿ ಗಡಿಗೆಯ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು.

“ಏನ್ಲಾ ಕುಂಬಳಕಾಯಿ, ಈ ಸಲ ನಮ್ ಹೊಟ್ಟೇನೂ ನೆನೀತದಾ?” ಎಂದಳು.

ಬಿತ್ತನೆ ಭತ್ತ ಒಂದಿಷ್ಟಾದರೂ ಉಳಿಸಿಕೊಂಡಿದ್ದೀಯಾ ಎಂದು ಅವನು ಕೇಳಿದ.

“ಇದ್ದಿದ್ದೇ ಐದು ಸೇರು. ಅಷ್ಟೂ ನೆನೆಹಾಕ್ಬುಟ್ಟೆ. ನೀನೇ ಕೂಗಿದ್ಯಲ್ಲ, ಇನ್ಯಾಕೆ ಅನುಮಾನ?”

ಅವನು ಮುಂದೆ ನಡೆದ. ಬೈದಿದ್ದರೆ ಸಹಿಸಬಹುದಿತ್ತು. ಅವಳು ನಂಬಿದ್ದಳು, ಅದೇ ಕಷ್ಟವಾಯಿತು.

ಸಭೆ ಏರಿಯ ಮೇಲಿನ ಅರಳಿಕಟ್ಟೆಯಲ್ಲಿ ಸೇರಿತ್ತು. ಕೆರೆ ಪಂಚಾಯ್ತಿಯ ಹಿರಿಯ ಶಂಕರಲಿಂಗಪ್ಪನವರು ನಡುವೆ, ಪಟೇಲ್ ಮಹಾಲಿಂಗಯ್ಯನವರು ಬಲಕ್ಕೆ, ಮಧುಗಿರಿಯಿಂದ ಬಂದ ಬೇಸಾಯದ ಇನ್ಸ್‌ಪೆಕ್ಟರು ವೆಂಕಟರಾಮಯ್ಯ ಎಡಕ್ಕೆ. ತೂಬಿನ ಬುಡದ ಹನ್ನೆರಡು ಎಕರೆ ಪಟೇಲರದು. ಇನ್ಸ್‌ಪೆಕ್ಟರ ಮಾತು ಕೇಳಿ ಅವರು ಅಷ್ಟಕ್ಕೂ ಹೊಸ ತಳಿಯ ಕಬ್ಬು ಹಾಕುವವರಿದ್ದರು. ಬಡವನಹಳ್ಳಿಯ ದಾರಿಯಲ್ಲಿ ಬಿತ್ತನೆ ಕಬ್ಬಿನ ಗಾಡಿಗಳು ಆಗಲೇ ಬರುತ್ತಿದ್ದವು.

ವೆಂಕಟರಾಮಯ್ಯ ಕೆಟ್ಟ ಮನುಷ್ಯನಲ್ಲ. ಬೂಟಿಗೆ ಕೆಸರು ಮೆತ್ತಿದರೂ ಲೆಕ್ಕಿಸದೆ ಗದ್ದೆ ಸುತ್ತಿದವನು. ಹಳ್ಳಿಯಲ್ಲಿ ಒಬ್ಬ ಮೇಲೆದ್ದರೆ ಅವನ ಹಿಂದೆ ಹತ್ತು ಜನ ಏಳುತ್ತಾರೆ, ಕಬ್ಬು ಬಂದರೆ ಆಲೆಮನೆ ಬರುತ್ತದೆ, ಬಡವರಿಗೆ ವರ್ಷವೆಲ್ಲ ಕೂಲಿ ಎಂದು ಮನಸ್ಸಿಟ್ಟು ವಿವರಿಸಿದ. ಎಲ್ಲರಿಗೂ ತುಂಡು ತುಂಡು ಹಂಚುವ ಈ ದಾಮಾಷ ಇರುವ ತನಕ ಯಾರೂ ಉದ್ಧಾರವಾಗರು, ಇನ್ನು ಮುಂದೆ ಅದನ್ನು ಕೈಬಿಡಿ ಎಂದ. ಹೆಂಗಸರ ಕಡೆಯಿಂದ ಪುಟ್ಟಕ್ಕ ಎದ್ದಳು.

“ಸ್ವಾಮಿ, ಕೂಲೀನ ಕೊಡೋರಿಗೆ ಮನಸು ಬಂದಾಗ ಉಣ್ಬೇಕು. ನಮ್ ಪಟ್ಟೀಲಿ ಬೆಳ್ದಿದ್ನ ನಮ್ಗೆ ಹಸಿವಾದಾಗ ಉಣ್ಬೋದು.”

ಸಭೆ ನಕ್ಕಿತು, ವೆಂಕಟರಾಮಯ್ಯನೂ ನಕ್ಕ. ಮಹಾಲಿಂಗಯ್ಯನವರು ಮಾತ್ರ ನಗಲಿಲ್ಲ. ಈ ವರ್ಷ ಆ ಜಗಳವೇ ಬೇಡ, ಬಸವನ ಹೊಟ್ಟೆ ನೆಂದಿದೆ, ಜುಂಜಪ್ಪ ಕೂಗಿ ಆಗಿದೆ ಎಂದರು. ಅಲ್ಲಿಗೆ ಸಭೆ ಮುಗಿದ ಹಾಗೇ. ಜನ ಪಂಚೆ ಕೊಡವಿ ಏಳತೊಡಗಿದರು.

ಜುಂಜಪ್ಪ ಎದ್ದು ನಿಂತು ಕೈಮುಗಿದ.

“ನಾನು ಕೂಗಿದ್ದು ತಪ್ಪು, ಬುದ್ಧಿ. ಕಂಬ ಒಂದ್ ಮೊಳ ಇಳಿದದೆ. ಇಳ್ಸಿದ್ದೂ ನಾನೇ.”

ಗೋಡಿನ ಕಥೆ, ಬಳೆಯ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಗಲಾಟೆಯೆದ್ದಿತು. ಮಹಾಲಿಂಗಯ್ಯನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ದನಿ ಏರಿಸುವ ಅಭ್ಯಾಸ ಅವರಿಗಿರಲಿಲ್ಲ.

“ಮೊನ್ನೆ ಒಂದು ಹೇಳ್ದೆ, ಇವತ್ತೊಂದು ಹೇಳ್ತೀಯ. ಮೊನ್ನೇದು ತಪ್ಪಾದ್ರೆ ಇವತ್ತಿಂದು ಸರಿ ಅಂತ ಹೆಂಗೆ ನಂಬೋದು?”

ಜುಂಜಪ್ಪ ತಲೆವಸ್ತ್ರ ಬಿಚ್ಚಿ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದ. ಎಲ್ಲರೂ ನೋಡುತ್ತಿದ್ದಂತೆ ತೂಬಿನ ಹಾಸುಗಲ್ಲಿನ ಮೇಲೆ ಹೋಗಿ ಏರಿಯ ಕಡೆ ಮುಖ ಮಾಡಿ ನಿಂತ. ಹೊಕ್ಕುಳಿನವರೆಗೆ ಎದೆ, ಹೊಟ್ಟೆ ಎಲ್ಲ ಎದ್ದು ಕಾಣುತ್ತಿದ್ದವು. ಇಷ್ಟು ವರ್ಷ ಊರನ್ನು ನಗಿಸಿದ್ದ ಮೈ ಈಗ ಸಾಕ್ಷಿ ಹೇಳುತ್ತಿತ್ತು. ಯಾರೂ ನಗಲಿಲ್ಲ.

“ಕುಂಬಳಕಾಯಿ ಮುಳುಗ್ಲೇ ಇಲ್ವಲ್ಲಪ್ಪ,” ಎಂದಳು ಪುಟ್ಟಕ್ಕ ಮೆಲ್ಲಗೆ. ಅವಳ ಕಣ್ಣು ತುಂಬಿತ್ತು. ನೆನೆಹಾಕಿದ ಐದು ಸೇರು ಭತ್ತ ಕೆಳಗದ್ದೆಯಲ್ಲಿ ಒಣಗಿ ಹೋಗುತ್ತಿತ್ತೆಂದು ಅವಳಿಗೆ ಆಗ ಅರಿವಾಗಿತ್ತು.

ಶಂಕರಲಿಂಗಪ್ಪನವರು ನೀರನ್ನು ನೋಡಿ, ದಾಮಾಷ ಎಂದರು. ಇನ್ಸ್‌ಪೆಕ್ಟರು ಏನೋ ಹೇಳಹೊರಟಾಗ ಮಹಾಲಿಂಗಯ್ಯನವರೇ ತಡೆದರು. ತಾತನ ಕಾಲದಲ್ಲೂ ಬಿಟ್ಟುಕೊಟ್ಟಿದ್ದೇವೆ, ಈಗಲೂ ಕೊಡುತ್ತೇನೆ ಎಂದರು. ಆಮೇಲೆ ನೀರಿನಲ್ಲಿ ನಿಂತವನ ಕಡೆ ತಿರುಗಿದರು.

“ಕಟ್ಟಳೆ ಅಂದ್ಮೇಲೆ ನಂಗೂ ಕಟ್ಟಳೆ, ನಿಂಗೂ ಕಟ್ಟಳೆ ಕಣ್ಲಾ, ಜುಂಜ.”

ಜುಂಜಪ್ಪ ಮೇಲೆ ಬಂದು, ಅಪ್ಪನ ಕೈಯಿಂದ ಬಂದಿದ್ದ ಗುದ್ದಲಿಯನ್ನು ಅರಳಿಕಟ್ಟೆಯ ಬುಡದಲ್ಲಿಟ್ಟ. ಅನ್ಯಾಯವೆಂದು ಅವನಿಗೆ ಅನ್ನಿಸಲಿಲ್ಲ.

ಗುದ್ದಲಿ ಪಕ್ಕದೂರಿನ ಮೂಡಲಗಿರಿಯಪ್ಪನಿಗೆ ಹೋಯಿತು. ಹಳೆಯ ರೈತರ ಹಟದಿಂದ ಕಬ್ಬಿನ ಪ್ರಯೋಗ ನಿಂತಿತೆಂದು ವೆಂಕಟರಾಮಯ್ಯ ಬರೆದುಕೊಂಡು ಹೋದ. ಕಬ್ಬಿನ ಗಾಡಿಗಳು ಬಂದ ದಾರಿಯಲ್ಲೇ ವಾಪಸಾದವು. ತೂಬಿನ ಬುಡದಲ್ಲಿ ಹಗ್ಗ ಹಿಡಿದು ನಲವತ್ತಮೂರು ಪಟ್ಟಿ ಮಾಡಿದರು. ನೀರು ಕಟ್ಟಕಡೆಯ ದಿನದವರೆಗೆ ಬಂತು. ಹೊಸ ನೀರುಗಂಟಿ ತೂಬೆತ್ತುವಾಗ ಒಂದು ಗೇಣು ಹೆಚ್ಚೆತ್ತಿದರೆ, ದೂರದ ಹೊಲದಲ್ಲಿ ಕೂಲಿಗೆ ಬಗ್ಗಿದ್ದ ಜುಂಜಪ್ಪನಿಗೆ ನೀರಿನ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಎದ್ದು ನಿಲ್ಲುವನು, ಮತ್ತೆ ಬಗ್ಗುವನು.

ಸುಗ್ಗಿಯಲ್ಲಿ ಅವನು ಪುಟ್ಟಕ್ಕನ ಪಟ್ಟಿಗೂ ಕುಯ್ಲಿನ ಕೂಲಿಗೆ ಬಂದ. ಚಿಕ್ಕ ಪಟ್ಟಿ, ಮಧ್ಯಾಹ್ನದೊಳಗೆ ಮುಗಿಯಿತು. ಮೂಡಲಗಿರಿಯಪ್ಪ ಬಂದು ತನ್ನ ಸಿವುಡು ಹೊತ್ತು ಹೋದ. ಜುಂಜಪ್ಪ ಕುಡುಗೋಲು ಒರೆಸಿ ಕೂಲಿಯ ಕಾಳಿಗೆ ಬಟ್ಟೆ ಹಾಸಿದ. ಪುಟ್ಟಕ್ಕ ಒಂದೆರಡು ಸಿವುಡು ಬಡಿದು ಅದಕ್ಕೆ ಕಾಳು ಸುರಿದಳು. ಆಮೇಲೆ ಮೆದೆಯಿಂದ ಇನ್ನೊಂದು ಸಿವುಡು ತಂದು ಅವನ ಕಾಲ ಬಳಿ ಇಟ್ಟಳು. ಅದು ತನಗೆ ಸೇರಿದ್ದಲ್ಲ ಎಂದು ಅವನು ಹಿಂದೆ ಸರಿದ.

“ಗುದ್ದಲಿ ಹಿಡ್ದೋನ್ಗೆ ಕೊಟ್ಟಾಯ್ತು,” ಎಂದಳು ಅವಳು. “ಇದು ಗುದ್ದಲಿ ಕೆಳಗಿಟ್ಟೋನ್ದು. ಎತ್ಕೊ.”

ಅವನು ಎತ್ತಿಕೊಂಡ. ಮನೆಗೆ ಹೋಗುವ ದಾರಿಯಲ್ಲಿ ಇನ್ನೂ ಮೂರು ಪಟ್ಟಿಗಳವರು ಅವನನ್ನು ಕರೆದು ನಿಲ್ಲಿಸಿದರು.