ಮೀಟರಿಗೆ ಟವೆಲ್ಲು ಹೊದಿಸುವವರು

ಯಾವ ಕಾರಿನೊಳಗೆ ಕುಳಿತರೂ ಶ್ರೀರಾಮಪ್ಪನವರು ಮೊದಲು ಮಾಡುವ ಕೆಲಸ ಒಂದೇ: ಹೆಗಲ ಮೇಲಿನ ಚೌಕುಳಿ ಟವೆಲ್ಲನ್ನು ತೆಗೆದು, ಎರಡು ಮಡಿಕೆ ಮಾಡಿ, ಸ್ಟೀರಿಂಗಿನ ಹಿಂದೆ ಕಿಲೋಮೀಟರು ತೋರಿಸುವ ಮೀಟರಿಗೆ ಹೊದಿಸುವುದು. ಸತ್ತವರ ಮುಖದ ಮೇಲೆ ಬಟ್ಟೆ ಎಳೆಯುವವರ ನಿಧಾನ, ಮರ್ಯಾದೆ ಎರಡೂ ಆಗ ಆ ಕೈಗಳಲ್ಲಿರುತ್ತವೆ. ಮೊದಲ ಸಲ ಅದನ್ನು ಕಂಡಾಗ ಕಂಕುಳಲ್ಲಿದ್ದ ಮಗಳು ಬಿಂದುವನ್ನು ನಾನು ಇನ್ನಷ್ಟು ಒತ್ತಿ ಹಿಡಿದುಕೊಂಡಿದ್ದೆ. ಆ ಕಾರು ನಮ್ಮದು. ಮನೆಗೆ ಬಂದು ಒಂಬತ್ತು ದಿನವಾಗಿತ್ತು.

ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯ ಹಿಂದಿನ ಗಲ್ಲಿಯಲ್ಲಿ, ಹುಣಸೆಮರದ ಕೆಳಗಿನ ತಗಡಿನ ಷೆಡ್ಡೇ ಅವರ ಠಿಕಾಣಿ. ಎಪ್ಪತ್ತರ ಹತ್ತಿರದ ವಯಸ್ಸು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಮೈಮೇಲೆ ಬೂದುಬಣ್ಣದ ಉಣ್ಣೆಕೋಟು. ಆ ಕೋಟಿನ ಎರಡೂ ಜೇಬುಗಳ ಬಾಯಿಯನ್ನು ಕಪ್ಪು ದಾರದಿಂದ, ಗಂಡಸರ ಕೈಯ ಒಡ್ಡೊಡ್ಡಾದ ಹೊಲಿಗೆಯಲ್ಲಿ, ಮುಚ್ಚಿಬಿಟ್ಟಿದ್ದರು. ಹಾಗಾಗಿ ಕನ್ನಡಕದ ಡಬ್ಬಿ, ಬೀಗದಕೈ, ಬೀಡಿಯ ಕಟ್ಟು ಎಲ್ಲವೂ ಸದಾ ಎಡಗೈಯ ಮುಷ್ಟಿಯಲ್ಲೇ. ನೆಲವನ್ನು ಕೇಳಿ ಕೇಳಿ ಇಟ್ಟಂತಹ ಹೆಜ್ಜೆ. ಕಾರಿನ ಸುತ್ತ ಬರುವಾಗ ಮಾತ್ರ ಆ ಹೆಜ್ಜೆ ಅಪ್ರದಕ್ಷಿಣೆಯಾಗಿ ಬರುತ್ತಿತ್ತು. ನನ್ನ ಅತ್ತೆ ಮುನಿಲಕ್ಷ್ಮಮ್ಮನವರು ಅದನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಾಗೆ ಎಡಕ್ಕೆ ಸುತ್ತುವುದನ್ನು ಅವರು ನೋಡಿದ್ದು ಮಸಣದಲ್ಲಿ ಮಾತ್ರವಂತೆ.

ತಪ್ಪು ನಮ್ಮದೇ. ಕಾರನ್ನು ಪರೀಕ್ಷೆ ಮಾಡಿಸಿ ಆಮೇಲೆ ಪೂಜೆ ಮಾಡಿಸುವುದು ಬಿಟ್ಟು, ಶುಕ್ರವಾರದ ಮುಹೂರ್ತ ತಪ್ಪುತ್ತದೆಂದು ಮೊದಲು ಪೂಜೆ ಮಾಡಿಸಿದ್ದೆವು. ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಬಿದ್ದ ಮೇಲೆ ಕಾರು ಮನೆಯ ಮಗಳಾಗಿಬಿಡುತ್ತದೆ. ಆಮೇಲೆ ಅದರ ಕುಲಗೋತ್ರ ಕೆದಕುವವರು ಯಾರು? ನನ್ನ ಗಂಡ ಗೌರೀಶ್ ಬ್ಯಾಂಕಿನವರು, ಕಾಗದವನ್ನು ನಂಬುವವರು. ಬಿನ್ನಿಪೇಟೆಯ ಹಳೇ ಕಾರುಗಳ ಯಾರ್ಡಿನ ಶಶಿಕುಮಾರ್ ಎಂಬಾತ ಕೊಟ್ಟ ಹಿಸ್ಟರಿ ರಿಪೋರ್ಟಿನಲ್ಲಿ ಒಬ್ಬರೇ ಮಾಲೀಕರು, ಓಡಿದ್ದು ಮೂವತ್ತೆಂಟು ಸಾವಿರ ಕಿಲೋಮೀಟರು, ಅಪಘಾತ ಇಲ್ಲ ಎಂದಿತ್ತು. ಪ್ರತಿ ಸಾಲಿನ ಮುಂದೂ ಒಂದೊಂದು ಹಸಿರು ಗುರುತು. ಮುಂದಿನ ಶನಿವಾರ ಕುಣಿಗಲ್ಲಿನಾಚೆಯ ಮನೆದೇವರಿಗೆ ಹೋಗಿ ಬಿಂದುವಿನ ಮುಡಿ ಕೊಡಿಸುವುದೆಂದು ತೀರ್ಮಾನವಾಗಿತ್ತು.

ಹಿಂದಿನ ಸೀಟಿನ ಕೆಳಗೆ ಬಿಂದು ಉದುರಿಸಿದ್ದ ಬಿಸ್ಕತ್ತಿನ ಪುಡಿ ಗುಡಿಸಲು ಮ್ಯಾಟು ಎತ್ತಿದಾಗ ನನಗೆ ಸಿಕ್ಕಿದ್ದು ಆಯಿಲ್ ಬದಲಿಸಿದವರು ಬರೆದುಕೊಟ್ಟ ಒಂದು ಮಾಸಲು ಚೀಟಿ. ಮುಂದಿನ ಆಯಿಲ್ ಒಂದು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರಿಗೆ ಎಂದಿತ್ತು. ಬೇರೆ ಯಾವುದೋ ಗಾಡಿಯ ಚೀಟಿ ಇರಬೇಕೆಂದರು ಗೌರೀಶ್. ಇರಬಹುದು. ಆದರೂ ರಾತ್ರಿ ಆ ಅಂಕಿಯನ್ನು ಡೈರಿಯಲ್ಲಿ ಬರೆದುಕೊಂಡೆ. ಮರುದಿನ ಪಕ್ಕದ ಮನೆಯ ಸಂಧ್ಯಾ ಹೇಳಿದ ಹೆಸರು, ಹಳೇ ಕಾರುಗಳನ್ನು ಪರೀಕ್ಷಿಸಿ ಹೇಳುವ ಶ್ರೀರಾಮಪ್ಪನವರದು.

ಟವೆಲ್ಲು ಹೊದಿಸಿಯಾದ ಮೇಲೆ ಅವರು ಕಣ್ಣು ಮುಚ್ಚಿ, ಚಪ್ಪಲಿ ಬಿಟ್ಟ ಬರಿಗಾಲಿನಿಂದ ಪೆಡಲುಗಳನ್ನು ತಡವಿದರು. ಬ್ರೇಕಿನ ರಬ್ಬರು ಹೊಚ್ಚಹೊಸದು, ಪಕ್ಕದ ಆಕ್ಸಿಲರೇಟರು ಸವೆದು ನುಣುಪಾಗಿದೆ ಎಂದರು. ಮೂವತ್ತೆಂಟು ಸಾವಿರಕ್ಕೆ ಹೀಗೆ ಸವೆಯುವುದಿಲ್ಲವಂತೆ. ಹಾಗಾದರೆ ನಿಜವಾಗಿ ಎಷ್ಟು ಓಡಿದೆ ಎಂದು ನಾನು ಡೈರಿ ಬಿಚ್ಚಿ ಕೇಳಿದೆ.

"ಗೊತ್ತಿಲ್ಲ ಅಂತ ಬರ್ಕೊಳ್ಳಿ ತಾಯಿ."

ಆ ಮಾತನ್ನು ಅವರು ದಿನಕ್ಕೆ ಹತ್ತು ಸಲವಾದರೂ ಆಡುತ್ತಾರೆಂದು ಆಮೇಲೆ ತಿಳಿಯಿತು. ಊಹೆಯನ್ನು ಅಂಕಿ ಮಾಡಿ ಹೇಳುವುದು ಅವರಿಗೆ ಆಗದು.

ಆಮೇಲೆ ಹಿಂದಿನ ಸೀಟಿಗೆ ಬಂದು, ಮಗು ಎಲ್ಲಿ ಕೂರುತ್ತದೆ ಎಂದು ಕೇಳಿದರು. ಎಡಬದಿಯನ್ನು ತೋರಿಸಿದೆ. ಅಲ್ಲಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು, ಬುಡದಲ್ಲಿ ಹೊಲಿದಿದ್ದ, ತಯಾರಾದ ವರ್ಷವಿರುವ ಬಿಳಿ ಚೀಟಿಯನ್ನು ಗೌರೀಶರಿಗೇ ಓದಲು ಹೇಳಿದರು. ಬಲಬದಿಯದನ್ನೂ ಓದಿಸಿದರು. ಬಲಬದಿಯ ಬೆಲ್ಟಿಗೆ ಕಾರಿನಷ್ಟೇ ವಯಸ್ಸು. ಎಡಬದಿಯದು ಕಾರಿಗಿಂತ ನಾಲ್ಕು ವರ್ಷ ಚಿಕ್ಕದು.

"ಒಂದನ್ನೇ ಯಾಕ್ ಬದಲಾಯಿಸ್ತಾರೆ?" ಎಂದರು ಗೌರೀಶ್. ದನಿ ಕುಗ್ಗಿತ್ತು.

"ಇಲಿ ಕಡಿದಿರಬಹುದು. ಇಲ್ಲಾ, ಒಳಗಿದ್ದೋರನ್ನ ತೆಗೆಯೋಕೆ ಕತ್ತರಿಸಿರಬಹುದು. ಗೊತ್ತಿಲ್ಲ ಅಂತ ಬರ್ಕೊಳ್ಳಿ."

ನಾನು ಬರೆದುಕೊಳ್ಳಲಿಲ್ಲ. ಒಂಬತ್ತು ದಿನ ನನ್ನ ಮಗಳ ಎದೆಯ ಮೇಲೆ ಅಡ್ಡ ಬಂದಿದ್ದ ಆ ಕಪ್ಪು ಪಟ್ಟಿಯನ್ನೇ ನೋಡುತ್ತ ನಿಂತೆ. ಅವಳಿಗಿಂತ ಮೊದಲು ಅಲ್ಲಿ ಕುಳಿತಿದ್ದವರು ಯಾರು, ಇಳಿದು ಹೋದರೋ ಇಳಿಸಿಕೊಂಡು ಹೋದರೋ? ರಿಪೋರ್ಟಿನಲ್ಲಿ ಇಲ್ಲವಲ್ಲ ಎಂದು ಗೌರೀಶ್ ಕೊನೆಯ ಸಲವೆಂಬಂತೆ ಹೇಳಿದರು. ಇನ್ಶೂರೆನ್ಸಿಗೆ ಹೋಗದೆ ಹೊರಗೆ ರಿಪೇರಿ ಮಾಡಿಸಿದ್ದು ಅದರಲ್ಲಿ ಬರುವುದಿಲ್ಲ, ಯಾರೋ ಬರೆಸಿದ್ದಷ್ಟೇ ಅದಕ್ಕೆ ಗೊತ್ತು ಎಂದು ಶ್ರೀರಾಮಪ್ಪನವರು ಬೆಲ್ಟನ್ನು ಮೆಲ್ಲಗೆ ಒಳಗೆ ಬಿಟ್ಟರು.

ಪೂಜೆಯಾದ ಗಾಡಿಯನ್ನು ಹಿಂದಿರುಗಿಸಬಾರದೆಂದು ಅಷ್ಟು ಹೊತ್ತೂ ಗೊಣಗುತ್ತಿದ್ದ ಅತ್ತೆಯೇ ಮೊದಲು ಕಾರಿನಿಂದ ಮಗುವಿನ ಚೀಲ, ಆಟಿಕೆ ತೆಗೆದು ಹೊರಗಿಟ್ಟವರು. ಯಾರ್ಡಿಗೂ ಅವರೇ ಮುಂದೆ ಬಂದರು. ಪೂಜೆ ಮಾಡಿದ ಗಾಡಿ ವಾಪಸ್ ತಗೊಂಡರೆ ನಮಗೆ ಒಳ್ಳೇದಾಗಲ್ಲ ಅಜ್ಜಿ, ಎಂದು ಶಶಿಕುಮಾರ್ ನಗುತ್ತಲೇ ಚುಚ್ಚಿದ.

"ನಿಂಗೆ ಒಳ್ಳೇದಾಗ್ಲಿ ಅಂತ ನಾವ್ ನಿಂಬೆಹಣ್ಣು ಇಟ್ಟಿರ್ಲಿಲ್ಲ ಕಣಪ್ಪ" ಎಂದರು ಅತ್ತೆ, ಪಟ್ಟು ಬಿಡದೆ ಅಲ್ಲೇ ಕುರ್ಚಿ ಎಳೆದು ಕುಳಿತರು. ಸಂಜೆಗೆ, ಕೊಟ್ಟ ಹಣದಲ್ಲಿ ಒಂದು ಪಾಲು ಅವನಿಗೇ ಬಿಟ್ಟು, ಕಾರನ್ನು ಹಿಂದಿರುಗಿಸಿ ನಾವು ಕೈತೊಳೆದುಕೊಂಡೆವು. ಮುಡಿಗೆ ಬಸ್ಸಿನಲ್ಲಿ ಹೋದೆವು.

ಪ್ರಸಾದ ಕೊಡಲು ಹೋದ ದಿನ ಶ್ರೀರಾಮಪ್ಪನವರು ತಾವಾಗಿ ಕೋಟಿನ ಜೇಬಿನ ಮಾತೆತ್ತಿದರು. ಓಕಳಿಪುರದ ರೈಲ್ವೆ ಹಳಿ ಪಕ್ಕದ ಷೆಡ್ಡಿನಲ್ಲಿ ಹನ್ನೊಂದು ವರ್ಷ ಅವರು ಮಾಡಿದ್ದು, ಓಡಿದ ದೂರ ಕಡಿಮೆ ಕಾಣುವಂತೆ ಮೀಟರನ್ನು ಹಿಂದಕ್ಕೆ ತಿರುಗಿಸುವ ಕೆಲಸ. ಅದರ ಸಣ್ಣ ಸ್ಕ್ರೂಡ್ರೈವರು ಇರುತ್ತಿದ್ದದ್ದು ಆ ಜೇಬಿನಲ್ಲಿ. ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಒಂದು ಕಾರಿನ ಆಯಸ್ಸನ್ನು ಅರ್ಧ ಮಾಡುತ್ತಿದ್ದರಂತೆ. ಒಂದು ದಿನ ಜಜ್ಜಿಹೋದ ಕಾರೊಂದನ್ನು ಅದೇ ಷೆಡ್ಡಿಗೆ ಎಳೆದು ತಂದರು. ಬದಲಿಸಬೇಕಾಗಿದ್ದ ಇಂಜಿನ್ನಿನ ಚೈನು ಹೆದ್ದಾರಿಯಲ್ಲಿ ತುಂಡಾಗಿ, ಕಾರು ನಡುದಾರಿಯಲ್ಲೇ ನಿಂತು, ಹಿಂದಿನಿಂದ ಲಾರಿ ಬಂದಿತ್ತು. ಚೈನಿಗೆ ಇನ್ನೂ ಕಾಲವಿದೆಯೆಂದು ಮಾಲೀಕನನ್ನು ನಂಬಿಸಿದ್ದು ಮೀಟರು. ಆ ಮೀಟರಿನ ಅಂಚಿನಲ್ಲಿ ಇವರದೇ ಸ್ಕ್ರೂಡ್ರೈವರಿನ ಗೀರು. ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಚಪ್ಪಲಿ.

ಮಗು ಉಳಿಯಿತೇ ಎಂದು ಕೇಳಿದೆ.

"ಕೇಳೋಕೆ ಹೋಗ್ಲಿಲ್ಲ ತಾಯಿ. ಭಯ ಆಯ್ತು."

ಅಂದಿನಿಂದ ಯಾವ ಕಾರಿನ ಮೀಟರನ್ನೂ ಅವರು ಕಣ್ಣೆತ್ತಿ ನೋಡಿಲ್ಲ. ನಮ್ಮ ಕಾರು ತಯಾರಾದದ್ದು ಅವರು ಆ ಕಸುಬು ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಆ ಲೆಕ್ಕ ಅವರಿಗೂ ಗೊತ್ತು. ಆದರೂ ಟವೆಲ್ಲು ಹೊದಿಸಿದರು.

ಹದಿನೈದು ದಿನ ಕಳೆದು ಫೋನಿನಲ್ಲಿ ಕಾರುಗಳನ್ನು ನೋಡುತ್ತಿದ್ದೆ. ನಮ್ಮದೇ ಕಾರು, ಅದೇ ನಂಬರು, ಮಾರಾಟಕ್ಕಿತ್ತು. ಓಡಿದ್ದು ಮೂವತ್ತೊಂದು ಸಾವಿರ. ಹಳೆಯ ಪ್ರಯಾಣಗಳಷ್ಟೇ ಅಲ್ಲ, ಬಿಂದುವನ್ನು ಕೂರಿಸಿಕೊಂಡು ನಾವು ಹೋದ ದೂರವೂ ಅಳಿಸಿಹೋಗಿತ್ತು; ಮೀಟರಿನ ಲೆಕ್ಕದಲ್ಲಿ ನಾವು ಆ ಕಾರಿನಲ್ಲಿ ಕೂತೇ ಇರಲಿಲ್ಲ. ಕೆಳಗೆ ಹೊಸ ರಿಪೋರ್ಟು, ಸಾಲು ಸಾಲು ಹಸಿರು ಗುರುತು. ಜಾಹೀರಾತಿನವರಿಗೆ ದೂರು ಬರೆದೆ. ಪರಿಶೀಲಿಸುತ್ತೇವೆಂಬ ಒಂದು ಸಾಲು ಬಂತು, ಅಷ್ಟೆ. ಶ್ರೀರಾಮಪ್ಪನವರಿಗೆ ಹೇಳಿದೆ. ಈ ಸಲ ಅವರು ಗೊತ್ತಿಲ್ಲ ಎನ್ನಲಿಲ್ಲ. ಕಾರಿನ ನಂಬರನ್ನು ನನ್ನ ಡೈರಿಯಿಂದ ಒಂದು ಚೀಟಿಗೆ ಬರೆಸಿಕೊಂಡು, ಮುಷ್ಟಿಯೊಳಗಿನ ಬೀಗದಕೈಯ ಜೊತೆ ಸೇರಿಸಿ ಮಡಿಸಿ ಹಿಡಿದರು.

ಈಗ ದಿನಾ ಬೆಳಿಗ್ಗೆ ಅವರು ಬಿನ್ನಿಪೇಟೆಯ ಆ ಯಾರ್ಡಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ, ಬಿಸಿಲಿನಲ್ಲಿ, ಕೋಟು ಹಾಕಿಕೊಂಡು ಕೂರುತ್ತಾರೆ. ಯಾರಾದರೂ ಮಗು ಎತ್ತಿಕೊಂಡು ಆ ಗೇಟಿನತ್ತ ಬಂದರೆ ಎದ್ದುಹೋಗಿ, ಹಿಂದಿನ ಎಡಗಡೆ ಬೆಲ್ಟು ಪೂರ್ತಿ ಎಳೆದು ನೋಡಿ ಎಂದು ಹೇಳುತ್ತಾರೆ. ಶಶಿಕುಮಾರನ ಕಡೆಯವರು ಎರಡು ಸಲ ತಳ್ಳಿ ಕಳಿಸಿದ್ದಾರಂತೆ.

ಇಂಥವರನ್ನು ಧೈರ್ಯವಂತರೆನ್ನಲು ನನಗೆ ಮನಸ್ಸು ಬರದು. ಒಂದು ಕಾಲಕ್ಕೆ ಲೋಕದ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ, ತಮ್ಮೊಳಗಿನದು ಮಾತ್ರ ತಿರುಗದೆ ಉಳಿದುಬಿಟ್ಟವರು ಅವರು. ಒಮ್ಮೆ ಕೇಳದೆ ಬಿಟ್ಟ ಒಂದು ಪ್ರಶ್ನೆಗಾಗಿ ಉಳಿದ ಆಯುಷ್ಯವನ್ನೆಲ್ಲ ಬಾಗಿಲಲ್ಲಿ ಕೂತು ಕಳೆಯುವವರು. ಅವರಿಂದ ನಮಗೆ ಸಮಾಧಾನ ಸಿಗುವುದಿಲ್ಲ, ಸಿಗುವುದು ಅವರ ಭಯದಲ್ಲಿ ಒಂದು ಪಾಲು. ನನ್ನ ಪಾಲಿನದನ್ನು ನಾನು ಜೋಪಾನವಾಗಿಟ್ಟುಕೊಂಡಿದ್ದೇನೆ. ನಿನ್ನೆ ಅಂಗಡಿಗೆ ಹೋಗಲು ಆಟೊ ಹತ್ತಿದಾಗಲೂ, ಬಿಂದುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಮೊದಲು, ಅಲ್ಲಿಲ್ಲದ ಬೆಲ್ಟಿಗಾಗಿ ನನ್ನ ಕೈ ಎಡಗಡೆ ತಡಕಾಡಿತು.