ಗಾಜಿನಲ್ಲಿ ನಿಂತ ಭಾವ

ಎದುರಂಗಡಿಯ ದರ್ಜಿ ಹೊಸ ಬೋರ್ಡು ಹಾಕಿಸಿ, ಅದರದೊಂದು ಫೋಟೋ ಬೇಕೆಂದು ದುಂಬಾಲು ಬಿದ್ದಿದ್ದ. ರಸ್ತೆ ಅಗೆದು ಹೊರಗೆಲ್ಲ ಧೂಳೋ ಧೂಳು. ಕ್ಯಾಮೆರಾ ಕೆಟ್ಟೀತೆಂದು ಫೋಟೋಗ್ರಾಫರ್ ತನ್ನ ಸ್ಟುಡಿಯೋದೊಳಗೇ ನಿಂತು, ಮುಂದಿನ ದೊಡ್ಡ ಗಾಜಿನ ಮೂಲಕವೇ ತೆಗೆದುಬಿಟ್ಟ. ಒಳಗಿನ ದೀಪ ಆರಿಸದೆ ಹಾಗೆ ತೆಗೆಯಬಾರದೆಂಬುದು ಈ ಕಸುಬಿನ ಓನಾಮ. ಸೋಮಾರಿತನಕ್ಕೆ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ.

ಆ ಫೋಟೋ ದರ್ಜಿಗಿಂತ ಮೊದಲು ಫೋಟೋಗ್ರಾಫರನ ಅಕ್ಕನ ಕೈಗೆ ಸಿಕ್ಕಿತು. ದರ್ಜಿಯಂಗಡಿಯ ಕತ್ತಲ ಬಾಗಿಲಲ್ಲಿ, ಎದೆಮಟ್ಟ ಕಾಣುವಂತೆ ಭಾವ ನಿಂತಿದ್ದರು. ದೋಣಿ ಮಗುಚಿ ನದಿಪಾಲಾದ ಭಾವ. ಎರಡು ವರ್ಷವಾದರೂ ಹೆಣ ಸಿಕ್ಕಿರಲಿಲ್ಲ. ಕಾದು ಕಾದು ಸುಣ್ಣವಾದ ಅಕ್ಕ, ಬಾಡಿಗೆ ಮನೆ ಬಿಟ್ಟು ತಮ್ಮನ ಜೊತೆ ಇರಲು ಈಗಷ್ಟೇ ಒಪ್ಪಿದ್ದಳು.

"ನಾನು ಮನೆ ಬಿಡಲ್ಲ ಕಣೋ," ಅಂದಳು. "ಬಂದವರು ಬೀಗ ನೋಡಿ ವಾಪಸ್ ಹೋಗ್ಬಿಟ್ರೆ?"

"ಅಕ್ಕಾ, ಕ್ರಾಪು ನೋಡು. ಭಾವ ಎಡಕ್ಕೆ ಬಾಚ್ತಿದ್ರು. ಇಲ್ಲಿ ಬಲಕ್ಕಿದೆ. ಕನ್ನಡಿಯಲ್ಲಿ ಕಾಣೋ ಹಾಗೆ."

"ಎರಡು ವರ್ಷದಲ್ಲಿ ಮನುಷ್ಯ ಕ್ರಾಪು ಬದಲಾಯಿಸ್ಬಾರ್ದಾ?"

ಅಂದಿನಿಂದ ಸಂಜೆಯಾದರೆ ಅವಳು ದರ್ಜಿಯಂಗಡಿಯ ಮುಂದೆ ಹಾಜರು. "ಇಲ್ಲಿ ನಾನೂ ನನ್ನ ಕತ್ತರಿಯೂ ಬಿಟ್ರೆ ಇನ್ಯಾರೂ ಇಲ್ಲ ತಾಯಿ," ಎಂದು ದರ್ಜಿ ಹೇಳಿ ಹೇಳಿ ಸೋತ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯೇ.

ಫೋಟೋಗ್ರಾಫರನಿಗೆ ಬಾಯಲ್ಲಿ ಬಿಸಿತುಪ್ಪ. ಅಕ್ಕ ಬಂದಮೇಲೆ ಮನೆಯ ಗೋಡೆಗೆ ಹಾಕೋಣವೆಂದು ಅವನು ಭಾವನ ಫೋಟೋ ದೊಡ್ಡದು ಮಾಡಿಸಿ, ಅವಳಿಗೆ ತಿಳಿಯದಂತೆ ಇಟ್ಟಿದ್ದ. ಬೋರ್ಡಿನ ಫೋಟೋ ತೆಗೆದಂದು ಅದು ದೀಪದ ಕೆಳಗೆ ಒರಗಿತ್ತು. ಗಾಜು ಅದನ್ನೇ ಹಿಡಿದು ಬೀದಿಯಾಚೆ ನಿಲ್ಲಿಸಿತ್ತು. ಅಕ್ಕನಿಗೆ ನಿಜ ಹೇಳಬೇಕೆಂದರೆ ಅದನ್ನು ತೋರಿಸಬೇಕು. ತೋರಿಸಿದರೆ, ಭಾವ ಸತ್ತರೆಂದು ತಮ್ಮನೇ ತೀರ್ಮಾನಿಸಿದ ಹಾಗೆ. ಆದರೆ ಬೀದಿಯಲ್ಲಿ ನಿಂತು ಬತ್ತುತ್ತಿರುವ ಅಕ್ಕನನ್ನು ನೋಡುವುದು ಅದಕ್ಕಿಂತ ಕಷ್ಟವಾಗಿತ್ತು. ಕೊನೆಗೊಂದು ಸಂಜೆ ಒಳಗೆ ಕರೆದು ತೋರಿಸಿಯೇಬಿಟ್ಟ.

ಅಕ್ಕ ಅಳಲಿಲ್ಲ. ಅಂಚನ್ನು ಬೆರಳಿನಿಂದ ಸವರಿದಳು.

"ಫ್ರೇಮೂ ಹಾಕಿಸಿಬಿಟ್ಯಾ?"

ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಇದನ್ನ ಅದೇ ಜಾಗದಲ್ಲಿಡು," ಅಂದಳು. "ನಾನು ಆ ಬಾಗಿಲಲ್ಲಿ ನಿಲ್ತೀನಿ. ನಮ್ಮಿಬ್ಬರದು ಜೊತೆಗೊಂದು ತೆಗಿ. ನಾಳೆ ಬಾಡಿಗೆ ಮನೆ ಬೀಗದ ಕೈ ಕೊಟ್ಬಿಡ್ತೀನಿ."

ಅವನು ದೀಪ ಹಾಕಿದ. ಕ್ಯಾಮೆರಾದಲ್ಲಿ ನೋಡಿದರೆ ಭಾವ ಕತ್ತಲ ಬಾಗಿಲಲ್ಲಿ ನಿಂತೇ ಇದ್ದರು. ಅಕ್ಕ ಅಗೆದ ರಸ್ತೆ ದಾಟಿ, ಸಂಜೆಯ ಬಿಸಿಲನ್ನು ಮೈಮೇಲೆ ಹೊತ್ತು, ತನ್ನ ತಿಳಿಹಳದಿ ಸೀರೆಯಲ್ಲಿ ಅಲ್ಲಿಗೆ ಬಂದಳು. ಗಾಜಿನೊಳಗಿನ ಬಿಂಬ ಕತ್ತಲ ಮೇಲಷ್ಟೇ ನಿಲ್ಲುತ್ತದೆ, ಅದರ ಹಿಂದೆ ಬೆಳಕು ಬಂದರೆ ಕರಗುತ್ತದೆ. ಅವಳು ಒಂದು ಹೆಜ್ಜೆ ಇಟ್ಟಾಗ ಭಾವನ ಭುಜ ಹೋಯಿತು. ದೂರ ಸರಿ ಎಂದು ಅವನು ಒಳಗಿನಿಂದ ಕೈಯಾಡಿಸಿದ. ಇನ್ನೂ ಹತ್ತಿರ ಹೋಗು ಎನ್ನುತ್ತಿದ್ದಾನೆಂದು ತಿಳಿದು ಅವಳು ಮತ್ತೂ ಸರಿದಳು. ಭಾವನ ಮುಖವೂ ಹೋಯಿತು.

ಬಾಗಿಲಲ್ಲೀಗ ಅವಳೊಬ್ಬಳೇ. ಪಕ್ಕಕ್ಕೆ ತುಸು ವಾಲಿ, ಎರಡು ವರ್ಷದಲ್ಲಿ ಮೊದಲ ಸಲ ನಗುತ್ತಿದ್ದಳು. ಅವನು ಬಟನ್ ಒತ್ತಿದ.