ಪಾಸ್‌ಪೋರ್ಟಿಗೆ ಹಾಕಿದ ಹೊಲಿಗೆ

"ಒಂಬತ್ತನೇ ಕ್ಲಾಸು ದಾಟೋಕಾಗದೋನು ನಾಲ್ಕು ದೇಶ ದಾಟ್ತಾನಂತೆ, ಕೇಳಿ ಇಲ್ಲಿ. ಮೂರನೇ ಬೀದಿಯಿಂದ ಅಂಟು ತಾ ಅಂದ್ರೆ ಐದನೇ ಬೀದೀಲಿ ಬಾಯಿ ಬಿಟ್ಕೊಂಡು ನಿಂತಿರ್ತಾನೆ. ಇವನು ಬೆನ್ನಿಗೊಂದು ಚೀಲ ಏರಿಸ್ಕೊಂಡು ಒಬ್ಬನೇ ಯುರೋಪು ಸುತ್ತೋದಂತೆ. ದಾರಿ ತಪ್ಪಿದ್ರೆ ಅಲ್ಲಿ ಯಾರೋ ನಿನ್ನ ಕೈ ಹಿಡ್ಕೊಂಡು ಕರ್ಕೊಂಡು ಬರೋರು?"

ಬೈಂಡರ್ ಇದನ್ನು ಹೇಳಿದ್ದು ಅಂಗಡಿ ತುಂಬ ಜನ ಇದ್ದಾಗ. ವಕೀಲರ ಗುಮಾಸ್ತ ಫೈಲುಗಳಿಗಾಗಿ ಕಾಯುತ್ತಿದ್ದ. ನಾಲ್ವರು ಕಾಲೇಜು ಹುಡುಗಿಯರು ಪ್ರಾಜೆಕ್ಟ್ ಪುಸ್ತಕಕ್ಕೆ ರೆಕ್ಸಿನ್ ಬಣ್ಣ ಆರಿಸುತ್ತಿದ್ದರು. ಎಲ್ಲರೂ ನಕ್ಕರು. ಗುಮಾಸ್ತ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಬೈಂಡರನ ತಮ್ಮ ಮಾತ್ರ ತಲೆ ಎತ್ತಲಿಲ್ಲ. ಅವನನ್ನು ಬೀದಿಯವರೆಲ್ಲ ಕರೆಯುವುದು ಸೂಜಿ ಅಂತ. ಅವನ ಹೊಲಿಗೆ ಅಷ್ಟು ಸಣ್ಣ, ಅಷ್ಟು ನೇರ. ಕೈಯಲ್ಲಿದ್ದ ಪುಸ್ತಕ ಮುಗಿಸಿ, ದಾರ ಕತ್ತರಿಸಿ, ಇನ್ನೊಂದನ್ನು ಎತ್ತಿಕೊಂಡ.

ಸೂಜಿ ಒಂದು ಮಾತು ಹೇಳಬಹುದಿತ್ತು. ಒಂಬತ್ತನೇ ಕ್ಲಾಸಿನಿಂದ ಅವನನ್ನು ಬಿಡಿಸಿ ಕೈಗೆ ದಬ್ಬಣ ಕೊಟ್ಟವನು ಇದೇ ಅಣ್ಣ. ಅಪ್ಪ ತೀರಿಕೊಂಡ ವರ್ಷ ಅಂಗಡಿಗೆ ಇನ್ನೆರಡು ಕೈ ಬೇಕಾಗಿದ್ದವು. ಅದು ನಗುವವರಿಗೆ ಗೊತ್ತಿರಲಿಲ್ಲ. ಬೈಂಡರನಿಗೆ ಗೊತ್ತಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಮ್ಮಿ, ಕಟಿಂಗ್ ಮೆಷಿನ್ ಕಡೆ ತಿರುಗಿದ.

ಸೂಜಿ ಹೊರಟಿದ್ದು ಫೋಟೊ ತೆಗೆಸಿಕೊಳ್ಳುವುದಕ್ಕಲ್ಲ. ಯುರೋಪಿನ ಒಂದು ಊರಿನಲ್ಲಿ, ಕಾಲುವೆ ದಂಡೆಯ ಮೇಲೆ, ಎಂಬತ್ತು ದಾಟಿದ ಅಜ್ಜಿಯೊಬ್ಬಳ ಬೈಂಡಿಂಗ್ ಅಂಗಡಿ ಇತ್ತು. ಅವಳು ತಟ್ಟೆಯ ನೀರಿನ ಮೇಲೆ ಬಣ್ಣ ತೇಲಿಸಿ, ಬಾಚಣಿಗೆಯಿಂದ ಗೀರಿ, ಮೇಲೊಂದು ಕಾಗದ ಮಲಗಿಸಿ ಎತ್ತಿದರೆ ಕಾಗದದ ತುಂಬ ನವಿಲುಗರಿ. ಫೋನಿನಲ್ಲಿ ಅದನ್ನು ನೋಡಿದ ಸೂಜಿ ತನ್ನ ಹೊಲಿಗೆಯ ಚಿತ್ರ ಕಳಿಸಿದ್ದ. ಅಜ್ಜಿ ಉತ್ತರ ಬರೆದಿದ್ದಳು. ನಿನ್ನ ಕೈ ಚೆನ್ನಾಗಿದೆ, ಬಾ, ಮೂರು ದಿನ ಪಕ್ಕದಲ್ಲಿ ಕೂತರೆ ಕಲಿಸುತ್ತೇನೆ. ಆದರೆ ಕಣ್ಣು ಮಂಜಾಗಿದೆ, ಸೆಪ್ಟೆಂಬರ್ ಕೊನೆಗೆ ಬೀಗ ಹಾಕುತ್ತೇನೆ. ಆಗ ಜೂನ್ ತಿಂಗಳು.

ಅಂಗಡಿಯ ಎದುರಿಗೇ ಟಿಕೆಟ್ ಅಕ್ಕನ ಆಫೀಸು. ಆಫೀಸೆಂದರೆ ಒಂದು ಮೇಜು, ಒಂದು ಕಂಪ್ಯೂಟರ್, ಕಾಲು ಕುಂಟುವ ಎರಡು ಕುರ್ಚಿ. ಬಸ್ಸು, ರೈಲು, ವಿಮಾನ ಎಲ್ಲದಕ್ಕೂ ಟಿಕೆಟ್ ಮಾಡಿಕೊಡುವವಳು. ಅಜ್ಜಿಯ ಪತ್ರ ಓದಿ ಹೇಳಿದವಳೂ ಅವಳೇ. ಒಂದು ಮಧ್ಯಾಹ್ನ ಬೈಂಡರನ ಹೆಂಡತಿ ಗಂಡನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಬೈಯುವುದಾದರೆ ಪೂರ್ತಿ ತಿಳಿದುಕೊಂಡಾದರೂ ಬೈಯಿರಿ ಎಂದಿದ್ದಳು.

ಅಕ್ಕ ಸೂಜಿಯ ಚೀಟಿ ನೋಡುತ್ತಿದ್ದಳು. "ಹನ್ನೆರಡು ದಿನಕ್ಕೆ ಏಳು ಊರು ಬರ್ಕೊಂಡಿದ್ದೀಯಲ್ಲೋ. ಊರು ನೋಡೋಕೆ ಹೊರಟಿದ್ದೀಯೋ, ರೈಲ್ವೆ ಸ್ಟೇಷನ್ ಎಣಿಸೋಕೋ?"

ಮೂರು ಊರು ಹೊಡೆದುಹಾಕಿದಳು. ಉಳಿದ ನಾಲ್ಕರಲ್ಲಿ ಕಾಲುವೆ ಊರಿಗೇ ಹೆಚ್ಚು ದಿನ ಕೊಟ್ಟಳು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀಯೋ ಆ ದೇಶದವರ ಹತ್ತಿರವೇ ವೀಸಾ ಕೇಳಬೇಕು, ಮೊದಲ ರಾತ್ರಿ ಮಲಗುವ ಜಾಗ ಇಲ್ಲಿಂದಲೇ ಗೊತ್ತು ಮಾಡಿಕೊಂಡು ಹೋಗಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಪ್ರಯಾಣ ವಿಮೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದಳು.

ಬಾಗಿಲಿಗೆ ಒರಗಿ ನಿಂತಿದ್ದ ಬೈಂಡರ್ ಮೂಗು ಮುರಿದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋ ಕೆಲಸ ಇದು."

"ಕುಲಾವಿ ಇಲ್ದೆ ಹೋದ್ರೆ ಕೂಸಿಗೆ ಶೀತ ಆಗುತ್ತೆ ಅಣ್ಣ," ಎಂದಳು ಅಕ್ಕ. "ವೀಸಾ ಅರ್ಜಿ ಆರು ತಿಂಗಳು ಮುಂಚೇನೇ ಹಾಕಬಹುದು. ಇನ್ನೇನು ಹದಿನೈದು ದಿನ ಇದೆ ಅಂತ ಓಡಿ ಬರೋರೇ ನನ್ನ ಹತ್ರ ಅಳೋದು."

ಸೂಜಿಗೆ ನಗು ಬಂತು. ಹೆಂಡತಿಯೂ ನಕ್ಕಳು. ಬೇರೆಯವರನ್ನು ನಗಿಸಿ ಅಭ್ಯಾಸವಿದ್ದ ಬೈಂಡರನಿಗೆ ತನ್ನ ಮೇಲೆ ನಕ್ಕರೆ ತಡೆಯದು. ಅಕ್ಕ ಪಾಸ್‌ಪೋರ್ಟ್ ಕೈಗೆತ್ತಿಕೊಳ್ಳುವ ಹೊತ್ತಿಗೆ ಅವನು, ಅಲ್ಲಿ ಅಂಟು ಒಣಗುತ್ತಿದೆ ಎಂದು ಹೊರಟು ಹೋದ.

ಅಂಟು ಒಣಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಅವನ ಬೆನ್ನ ಹಿಂದೆ ಅಕ್ಕ ಪಾಸ್‌ಪೋರ್ಟ್ ತಿರುವಿ ನೋಡಿದಳು. ವಾಪಸು ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅವಧಿ ಇರಬೇಕು; ಇತ್ತು. ಎರಡು ಪುಟ ಖಾಲಿ ಇರಬೇಕು, ಎಲ್ಲವೂ ಖಾಲಿಯೇ. ಆಮೇಲೆ ಬೆನ್ನಿನ ಮೇಲೆ ಬೆರಳಾಡಿಸಿದಳು. "ರಟ್ಟು ಒಂಚೂರು ಬಿಟ್ಕೊಂಡಿದೆ. ಇಷ್ಟಕ್ಕೇನೂ ಆಗಲ್ಲ, ಇರ್ಲಿ. ಆದ್ರೆ ಅಂಟು, ಟೇಪು, ಸೂಜಿ, ಯಾವುದನ್ನೂ ಇದಕ್ಕೆ ಮುಟ್ಟಿಸಬೇಡಿ."

"ಸೂಜಿ ಮುಟ್ಟಬಾರದು ಅಂದ್ರೆ ನಾನು ಕೈಯಲ್ಲಿ ಹಿಡ್ಕೊಳ್ಳೋದು ಹೆಂಗೆ ಅಕ್ಕ?" ಎಂದ ಅವನು. ಮೂವರೂ ನಕ್ಕರು. ಆ ನಗು ಬೀದಿಯಾಚೆ ಅಂಗಡಿ ಸೇರಿದ್ದ ಬೈಂಡರನಿಗೆ ಕೇಳಿಸಿತು. ಮಾತು ಕೇಳಿಸಲಿಲ್ಲ.

ಆಮೇಲಿನ ದಿನಗಳಲ್ಲಿ ಬೆಳಗಾದರೆ ಸೂಜಿ ಮೂರು ರೀಮು ಕಾಗದ ಚೀಲಕ್ಕೆ ತುಂಬಿ, ಬೆನ್ನಿಗೇರಿಸಿ, ಬೀದಿಯ ತುದಿಗೆ ಹೋಗಿ ಬರುತ್ತಿದ್ದ. ಮೊದಲ ದಿನ ಬೆವತು ಬಂದ. ಎರಡನೇ ವಾರ ಸಿಳ್ಳೆ ಹಾಕಿಕೊಂಡು ಬಂದ. ಬೈಂಡರ್ ನೋಡಿಯೂ ನೋಡದವನಂತೆ ರಟ್ಟು ಅಳೆಯುತ್ತಿದ್ದ.

ಕತ್ತರಿಸಿ ಉಳಿದ ತುಂಡು ಕಾಗದಗಳಿಂದ ಸೂಜಿ ಎರಡು ಪುಟ್ಟ ಪುಸ್ತಕ ಹೊಲಿದ. ಎರಡರಲ್ಲೂ ಒಂದೇ ವಿಷಯ. ಯಾವ ದಿನ ಯಾವ ಊರು, ಮಲಗುವ ಜಾಗ ಯಾವುದು, ಸ್ಟೇಷನ್ನಿನಿಂದ ಅಲ್ಲಿಗೆ ಹೋಗುವ ದಾರಿ ಹೇಗೆ. ಒಂದು ತನಗೆ, ಇನ್ನೊಂದು ಅತ್ತಿಗೆಗೆ. ಅತ್ತಿಗೆಯದನ್ನು ಬೈಂಡರ್ ಒಂದು ದಿನ ಕದ್ದು ಓದಿದ. ಕೊನೆಯ ಪುಟದ ಮೇಲೆ 'ದಾರಿ ತಪ್ಪಿದರೆ' ಎಂದು ಬರೆದಿತ್ತು. ಕೆಳಗೆ ದುಂಡು ಅಕ್ಷರಗಳಲ್ಲಿ: ನಡೆಯುವುದನ್ನು ನಿಲ್ಲಿಸುವುದು. ಹತ್ತಿರದ ಅಂಗಡಿಯೊಳಗೆ ಹೋಗುವುದು. ವಿಳಾಸದ ಚೀಟಿ ತೋರಿಸುವುದು. ನಾಚಿಕೆ ಪಡಬಾರದು.

ಆ ಕೊನೆಯ ಎರಡು ಪದ ಬೈಂಡರನ ಎದೆಗೆ ದಬ್ಬಣದಂತೆ ಚುಚ್ಚಿದವು. ತಪ್ಪಾಯಿತು ಎಂದು ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ಕಂಡಕಂಡವರೆದುರು ಹೀಯಾಳಿಸಲು ಉದ್ದ ನಾಲಿಗೆ ಇದ್ದವನಿಗೆ ಅಷ್ಟು ಹೇಳಲು ನಾಲಿಗೆ ಹೊರಳಲಿಲ್ಲ. ಅವನಿಗೆ ಬರುತ್ತಿದ್ದುದು ಕೈಕೆಲಸ ಒಂದೇ.

ವೀಸಾ ಕೇಂದ್ರಕ್ಕೆ ಹೋಗುವ ಹಿಂದಿನ ದಿನ, ಊಟದ ಹೊತ್ತಿಗೆ ಸೂಜಿ ಫೋಟೊ ತೆಗೆಸಲು ಹೋಗಿದ್ದ. ಅವನು ಅರ್ಜಿಯ ಕಾಗದಪತ್ರ ಇಟ್ಟಿದ್ದ ಚೀಲ ಮೇಜಿನ ಮೇಲಿತ್ತು. ಬೈಂಡರ್ ಪಾಸ್‌ಪೋರ್ಟ್ ತೆಗೆದು ನೋಡಿದ. ರಟ್ಟು ಬಿಟ್ಟುಕೊಂಡಿದೆ. ಮೂವತ್ತು ವರ್ಷದಲ್ಲಿ ಬೆನ್ನು ಬಿಟ್ಟ ಒಂದೇ ಒಂದು ಪುಸ್ತಕ ತನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ಸ್ವಂತ ತಮ್ಮನದೇ ಹೀಗೆ ಹೋಗುವುದೇ? ಅಲ್ಲಿ ಬೈಂಡಿಂಗ್ ಬಲ್ಲ ಆ ಅಜ್ಜಿ ನೋಡಿದರೆ ಏನೆಂದಾಳು?

ಬಾಗಿಲು ಅರ್ಧ ಎಳೆದುಕೊಂಡ. ಹಳೆಯ ದಾರ ಬಿಚ್ಚಿದ. ಮೇಣ ತಿಕ್ಕಿದ ಹೊಸ ದಾರದಿಂದ, ಹಳೆಯ ತೂತುಗಳಲ್ಲೇ, ಕೊನೆಗೆ ತನ್ನದೇ ಜೋಡಿ ಗಂಟು ಹಾಕಿ ಹೊಲಿದ. ರಟ್ಟಿಗೆ ತೆಳುವಾಗಿ ಅಂಟು ಸವರಿ ಒತ್ತಿದ. ಮುದುಡಿದ್ದ ಅಂಚುಗಳನ್ನು ಮೆಷಿನ್ನಿಗೆ ಕೊಟ್ಟು ಕೂದಲೆಳೆಯಷ್ಟು ಕತ್ತರಿಸಿದ. ಅಷ್ಟು ಪ್ರೀತಿಯಿಂದ ಅವನು ಯಾವ ಪುಸ್ತಕವನ್ನೂ ಕಟ್ಟಿರಲಿಲ್ಲ. ಏನೂ ಗೊತ್ತಿಲ್ಲದವನಂತೆ ಚೀಲದಲ್ಲಿ ಇಟ್ಟ.

ಮರುದಿನ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾನೂ ಬರುತ್ತೇನೆ ಎಂದ. ಸೂಜಿಗೆ ಆಶ್ಚರ್ಯವಾಯಿತು. ಖುಷಿಯೂ ಆಯಿತು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅಣ್ಣನಿಗೇ ಬಿಟ್ಟ.

ಕೇಂದ್ರದಲ್ಲಿ ಜೊತೆಗೆ ಬಂದವರು ಹಿಂದಿನ ಬೆಂಚಿನಲ್ಲಿ ಕೂರಬೇಕಿತ್ತು. ಕೌಂಟರಿನ ಹೆಂಗಸು ಒಂದೊಂದೇ ಕಾಗದ ನೋಡಿ ತಲೆಯಾಡಿಸುತ್ತ ಬಂದಳು. ಪಾಸ್‌ಪೋರ್ಟ್ ತೆರೆದಾಗ ಅವಳ ಬೆರಳು ನಡುವಿನ ಹೊಲಿಗೆಯ ಮೇಲೆ ನಿಂತಿತು. ಬೈಂಡರ್ ನೆಟ್ಟಗೆ ಕೂತ.

"ಇದನ್ನ ಯಾರು ಹೊಲಿದದ್ದು?"

ಸೂಜಿ ಬಗ್ಗಿ ನೋಡಿದ. ಆ ಜೋಡಿ ಗಂಟು ಅವನಿಗೆ ಗೊತ್ತಿತ್ತು. ಅದನ್ನು ಹಾಕಲು ಕಲಿತದ್ದೇ ಅಣ್ಣನಿಂದ. ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬೈಂಡರ್ ಎದ್ದು ನಿಂತ.

"ನಾನೇ ಮೇಡಂ. ನಮ್ಮದೇ ಅಂಗಡಿ. ಬೇಕಿದ್ರೆ ಎಳೆದು ನೋಡಿ, ಇನ್ನು ನೂರು ವರ್ಷ ಬಿಟ್ಕೊಳ್ಳಲ್ಲ."

ಆ ಹೆಂಗಸು ಗದರಲಿಲ್ಲ. ಗದರಿದ್ದರೆ ಬೈಂಡರನಿಗೆ ಎಷ್ಟೋ ಹಗುರಾಗುತ್ತಿತ್ತು. ಮೆತ್ತಗೆ ಹೇಳಿದಳು: ಬಿಚ್ಚಿ ಹೊಲಿದ ಪಾಸ್‌ಪೋರ್ಟಿನಲ್ಲಿ ಪುಟ ಬದಲಾಗಿಲ್ಲ ಎಂದು ಯಾರೂ ನಂಬುವುದಿಲ್ಲ. ಅಂಚು ಬೇರೆ ಕತ್ತರಿಸಿದೆ. ಇದರ ಮೇಲೆ ವೀಸಾ ಕೇಳಲು ಆಗದು. ಪಾಸ್‌ಪೋರ್ಟ್ ಕಚೇರಿಗೆ ಹೋಗಿ, ಹಾಳಾದದ್ದು ಹೇಗೆಂದು ಬರೆದುಕೊಟ್ಟು, ಹೊಸದು ಮಾಡಿಸಬೇಕು.

ಬೈಂಡರ್ ನಿಂತಲ್ಲೇ ನಿಂತ. ಸೂಜಿ ಪಾಸ್‌ಪೋರ್ಟ್ ವಾಪಸು ತೆಗೆದುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದ.

"ಹೊಲಿಗೆ ಚೆನ್ನಾಗಿದೆ ಅಣ್ಣ," ಎಂದ.

ಮನೆಯಲ್ಲಿ ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತಳು. "ಅಕ್ಕ ಅವತ್ತೇ ಹೇಳಿದ್ಳು. ನೀವು ಕೇಳಿಸ್ಕೊಂಡೇ ಹೋದ್ರಿ ಅಂದ್ಕೊಂಡೆ. ನಾನಾದ್ರೂ ಇನ್ನೊಂದ್ಸಲ ಹೇಳಬಾರದಿತ್ತಾ."

ಪಾಸ್‌ಪೋರ್ಟ್ ಕಚೇರಿಗೆ ಕೊಡಬೇಕಾದ ಪತ್ರವನ್ನು ಬೈಂಡರ್ ತಾನೇ ಬರೆದ. ಹಾಳು ಮಾಡಿದವನು ನಾನು ಎಂಬ ಸಾಲನ್ನು ಮೂರು ಸಲ ಹೊಡೆದು, ಮೂರು ಸಲ ಅದನ್ನೇ ಬರೆದ. ವಿಚಾರಣೆ, ಮತ್ತೊಂದು ಅರ್ಜಿ, ಮತ್ತೊಂದು ಸಾಲು. ಸೆಪ್ಟೆಂಬರ್ ಕಳೆಯಿತು. ಹೊಸ ಪಾಸ್‌ಪೋರ್ಟ್ ಬಂದಾಗ ನವೆಂಬರ್. ಅದಕ್ಕೂ ಮೊದಲೇ ಅಜ್ಜಿಯಿಂದ ಒಂದು ಲಕೋಟೆ ಬಂದಿತ್ತು. ಬೀಗ ಹಾಕಿದೆ, ತಟ್ಟೆ ಬಾಚಣಿಗೆಗಳನ್ನು ಶಾಲೆಯೊಂದಕ್ಕೆ ಕೊಟ್ಟೆ, ನಿನಗಾಗಿ ಕೊನೆಯ ದಿನ ಎತ್ತಿದ್ದು ಇದು. ಒಳಗೆ ಒಂದೇ ಒಂದು ನವಿಲುಗರಿ ಕಾಗದ. ಸೂಜಿ ಅದನ್ನು ಅಣ್ಣನ ಮುಂದೆಯೇ ಬಿಡಿಸಿ, ನೋಡಿ, ಮತ್ತೆ ಮಡಿಸಿಟ್ಟ. ಇದಕ್ಕೊಂದು ಪುಸ್ತಕ ಕಟ್ಟಿಕೊಡಲೇ ಎಂದು ಕೇಳಲು ಬೈಂಡರನಿಗೆ ಮುಖವಿರಲಿಲ್ಲ.

ತಮ್ಮ ಒಂದು ಸಲ ಕೂಗಾಡಲಿ ಎಂದು ಅವನು ಕಾದ. ಸೂಜಿ ಕೂಗಾಡಲಿಲ್ಲ. ದಾರ ಕೊಡು ಅಂದರೆ ಕೊಟ್ಟ, ಊಟಕ್ಕೆ ಬಾ ಅಂದರೆ ಬಂದ.

ಈಗ ಅಂಗಡಿಯ ಗೋಡೆಗೆ ಒಂದು ರಟ್ಟು ನೇತುಬಿದ್ದಿದೆ: ಪಾಸ್‌ಪೋರ್ಟ್ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ವಕೀಲರ ಗುಮಾಸ್ತ ಮಗಳ ಪಾಸ್‌ಪೋರ್ಟಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಡಿ ಎಂದು ತಂದಾಗ ಬೈಂಡರ್ ಅವನನ್ನು ಸೀದಾ ಟಿಕೆಟ್ ಅಕ್ಕನ ಹತ್ತಿರ ಕಳಿಸಿದ. ಹೋಗುವಾಗ ಗುಮಾಸ್ತ, ನಿಮ್ಮ ಸೂಜಿಯ ಯುರೋಪು ಎಲ್ಲಿಗೆ ಬಂತು ಎಂದು ಹಲ್ಲು ಕಿಸಿದ. ಅಂಗಡಿಯಲ್ಲಿ ಅವತ್ತೂ ಜನ ಇದ್ದರು. "ಅವನದೇನೂ ತಪ್ಪಿಲ್ಲ, ಅವನು ಎಲ್ಲಾ ಸರಿಯಾಗೇ ಮಾಡಿದ್ದ. ಕೆಡಿಸಿದ್ದು ನಾನು," ಎಂದ ಬೈಂಡರ್. ಎಲ್ಲರಿಗೂ ಕೇಳಿಸುವಂತೆ ಹೇಳಿದ. ಕೇಳಬೇಕಾದವನು ಅಂಟು ತರಲು ಮೂರನೇ ಬೀದಿಗೆ ಹೋಗಿದ್ದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಓದುತ್ತಿರುವ ನಿಮಗೆ ಕೆಡುವ ಮೊದಲೇ ಬರಲಿ. ಮನೆಯಲ್ಲಿ ಯಾರಾದರೂ ಮೊದಲ ಸಲ ಒಬ್ಬರೇ ದೂರದೇಶಕ್ಕೆ ಹೊರಟಿದ್ದರೆ ಅವರ ಓದು ಎಷ್ಟು ಅಂತ ಅಳೆಯಬೇಡಿ. ತಿಳಿದವರ ಮುಂದೆ ಅವರ ಜೊತೆ ಕೂತು, ಕೊನೆಯ ಮಾತಿನವರೆಗೆ ಕೇಳಿಸಿಕೊಳ್ಳಿ. ಪಾಸ್‌ಪೋರ್ಟನ್ನು ಇವತ್ತೇ ತೆಗೆದು ನೋಡಿ, ಅವಧಿ ಎಷ್ಟಿದೆ, ಖಾಲಿ ಪುಟ ಎಷ್ಟಿವೆ. ಹರಿದಿದ್ದರೆ ಕಚೇರಿಗೆ ಒಯ್ಯಿರಿ. ಅಂಟು ಹಚ್ಚಬೇಡಿ, ಹೊಲಿಯಬೇಡಿ, ಕತ್ತರಿಸಬೇಡಿ. ಕಾಗದಗಳ ನಕಲು, ಊರುಗಳ ಪಟ್ಟಿ ಮನೆಯಲ್ಲೊಂದು ಇರಲಿ. ಊರು ಕಡಿಮೆ ಮಾಡಿ, ಚೀಲ ಹಗುರ ಮಾಡಿ. ಮತ್ತೆ, ಪ್ರೀತಿ ಉಕ್ಕಿದರೆ ಬಾಯಿಬಿಟ್ಟು ಹೇಳಿ. ಅವರ ಕಾಗದದ ಮೇಲೆ ತೋರಿಸಬೇಡಿ.

ಸೂಜಿ ಹೊರಟದ್ದು ಮುಂದಿನ ಏಪ್ರಿಲ್‌ನಲ್ಲಿ. ಅದೇ ಚೀಲ, ಅದೇ ಪುಟ್ಟ ಪುಸ್ತಕ, ದಿನಾಂಕ ಮಾತ್ರ ಹೊಡೆದು ತಿದ್ದಿದ್ದ. ಬಸ್ ಸ್ಟಾಪಿನವರೆಗೆ ಚೀಲ ಹೊತ್ತವನು ಬೈಂಡರ್. ಬಸ್ಸು ಬಂದು ನಿಂತಿತು. ಅಷ್ಟು ತಿಂಗಳು ನುಂಗಿಕೊಂಡಿದ್ದ 'ತಪ್ಪಾಯಿತು' ಹೊರಡಬೇಕಾದ ಜಾಗದಲ್ಲಿ ಒಂದು ಪ್ರಶ್ನೆ ಹೊರಗೆ ಬಂತು.

"ಆ ಅಜ್ಜಿ ಅಂಗಡಿ ಇತ್ತಲ್ಲ, ಕಾಲುವೆ ಪಕ್ಕ. ಆ ಬೀದಿಗೂ ಹೋಗ್ತೀಯೇನೋ?"

ಸೂಜಿ ಅಣ್ಣನ ಹೆಗಲಿನಿಂದ ಚೀಲ ಇಳಿಸಿಕೊಂಡ. ತನ್ನ ಬೆನ್ನಿಗೇರಿಸಿ, ಎರಡೂ ಪಟ್ಟಿ ಬಿಗಿ ಮಾಡಿ, ಬಸ್ಸಿನ ಕಡೆ ನಡೆದ.